ಕಾಣದ ಭಾಗದ ಲೆಕ್ಕ: ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಪಾರದರ್ಶಕ ಟೆಕ್ಸ್ಚರ್

ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ವಸ್ತುವಿನ ಆಕಾರವನ್ನು ಕಟ್ಟುವುದು ತ್ರಿಕೋನಗಳು. ಅದರ ಮೈಮೇಲಿನ ಬಣ್ಣ, ಗೆರೆ, ಕಲೆಗಳೆಲ್ಲ ಬರುವುದು ಆ ತ್ರಿಕೋನಗಳಿಗೆ ಹೊದಿಸಿದ ಚಿತ್ರದಿಂದ. ಈ ಹೊದಿಕೆಯ ಚಿತ್ರಕ್ಕೆ ಟೆಕ್ಸ್ಚರ್ ಎಂದು ಹೆಸರು. ಸಾಮಾನ್ಯ ಟೆಕ್ಸ್ಚರ್‌ನ ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿಗೆಂದು ಮೂರು ಸಂಖ್ಯೆ ಇರುತ್ತವೆ. ಪಾರದರ್ಶಕ ಟೆಕ್ಸ್ಚರ್‌ನಲ್ಲಿ ನಾಲ್ಕನೆಯದೊಂದು ಇರುತ್ತದೆ. ಅದೇ ಆಲ್ಫಾ. ಆಲ್ಫಾ 0 ಇದ್ದಲ್ಲಿ ಮೈಯೇ ಇಲ್ಲ, ಹಿಂದಿನದೆಲ್ಲ ಪೂರ್ತಿ ಕಾಣುತ್ತದೆ. 255 ಇದ್ದಲ್ಲಿ ಹಿಂದಿನದೇನೂ ಕಾಣದು. ನಡುವಿನ ಸಂಖ್ಯೆಗಳು ನಡುವಿನ ಸ್ಥಿತಿಗಳು. ಚೀಲದ ಮೇಲೆ ಮಾರ್ಕಾ ಹೊಡೆಯುವ ತಗಡಿನಲ್ಲಿ ಎಲ್ಲಿ ಬಣ್ಣ ಇಳಿಯಬೇಕು, ಎಲ್ಲಿ ಇಳಿಯಬಾರದು ಎಂಬುದು ಮೊದಲೇ ಕೊರೆದಿರುತ್ತದಲ್ಲ, ಆಲ್ಫಾ ಮಾಡುವುದೂ ಅದೇ ಕೆಲಸ. ತಗಡಿಗೆ ಹೌದು, ಇಲ್ಲ ಎರಡೇ ಗೊತ್ತು. ಆಲ್ಫಾಗೆ 256 ಹಂತ ಗೊತ್ತು.

ಇದರ ಅಗತ್ಯ ತಿಳಿಯಬೇಕಾದರೆ ಕಬ್ಬಿನ ಹೊಲವೊಂದನ್ನು ಪರದೆಯ ಮೇಲೆ ಕಟ್ಟಲು ಹೊರಟು ನೋಡಬೇಕು. ಅಥಣಿ ತಾಲ್ಲೂಕಿನ ಸತ್ತಿಯಂಥ ಕೃಷ್ಣಾ ದಂಡೆಯ ಊರಲ್ಲಿ ಕಣ್ಣು ಹಾಯಿಸಿದ ಕಡೆ ಕಬ್ಬು. ಎಕರೆಗೆ 40,000 ಗಣಿಕೆ, ಗಣಿಕೆಗೆ ಹತ್ತು ಹಸಿರು ಗರಿ ಎಂದು ಹಿಡಿದರೂ ಒಂದೇ ಎಕರೆಯಲ್ಲಿ 4 ಲಕ್ಷ ಗರಿ. ಗರಿಯ ಬಾಗು, ತುದಿಯ ಸೀಳು, ಕೈ ಕೊಯ್ಯುವ ಅಂಚಿನ ಸಣ್ಣ ಮುಳ್ಳು ಎಲ್ಲವನ್ನೂ ತ್ರಿಕೋನಗಳಲ್ಲೇ ಕೆತ್ತುವುದಾದರೆ ಗರಿಯೊಂದಕ್ಕೆ ನೂರು ತ್ರಿಕೋನವಾದರೂ ಬೇಕು. ಎಕರೆಗೆ 4 ಕೋಟಿ ಆಯಿತು. ಅದರ ಬದಲು ಎರಡೇ ತ್ರಿಕೋನದ ಚಪ್ಪಟೆ ಆಯತ ನಿಲ್ಲಿಸಿ, ಗರಿಯ ಚಿತ್ರ ಹೊದಿಸಿ, ಗರಿ ಇಲ್ಲದ ಜಾಗಕ್ಕೆಲ್ಲ ಆಲ್ಫಾ 0 ಕೊಟ್ಟರೆ ಲೆಕ್ಕ 8 ಲಕ್ಷಕ್ಕೆ ಇಳಿಯುತ್ತದೆ. ಇಂಥ ಆಯತಕ್ಕೆ ಈ ಕಸುಬಿನವರು ಕಾರ್ಡ್ ಎನ್ನುತ್ತಾರೆ. ಆಟ, ಸಿನಿಮಾ, ಕಟ್ಟಡದ ನಕ್ಷೆಗಳಲ್ಲಿ ಕಾಣುವ ಗಿಡಮರ, ಕೂದಲು, ಬೇಲಿ, ಜಾಲರಿ, ಹೊಗೆಗಳಲ್ಲಿ ಹೆಚ್ಚಿನವು ಇಂಥ ಕಾರ್ಡುಗಳೇ.

ಚಿತ್ರವನ್ನು ಆಕಾರದ ಮೇಲೆ ಹೊದಿಸುವ ವಿಧಾನ ಎಡ್ ಕ್ಯಾಟ್ಮಲ್ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ 1974ರಲ್ಲಿ ಬರೆದ ಪಿಎಚ್‌ಡಿ ಪ್ರಬಂಧದಲ್ಲಿದೆ. ಮುಂದೆ ಆತ ಮತ್ತು ಆಲ್ವಿ ರೇ ಸ್ಮಿತ್ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಜೊತೆಗಿದ್ದಾಗ ಒಂದು ತೊಡಕು ಎದುರಾಯಿತು. ಅದೇ ವಸ್ತುವನ್ನು ಬೇರೊಂದು ಹಿನ್ನೆಲೆಯ ಮೇಲೆ ನೋಡಬೇಕೆಂದರೆ ಇಡೀ ಚಿತ್ರವನ್ನು ಮೊದಲಿನಿಂದ ಲೆಕ್ಕ ಹಾಕಬೇಕಿತ್ತು. ಆ ಕಾಲದ ಯಂತ್ರಗಳಲ್ಲಿ ಅದು ಬಹಳ ಹೊತ್ತಿನ ಕೆಲಸ. ಬಣ್ಣದ ಜೊತೆಗೇ ಅದು ಎಷ್ಟು ಮುಚ್ಚುತ್ತದೆ ಎಂಬುದನ್ನೂ ಬರೆದಿಟ್ಟರೆ ಹಿನ್ನೆಲೆ ಯಾವುದಾದರೂ ಆಮೇಲೆ ಕೂಡಿಸಿಕೊಳ್ಳಬಹುದು ಎಂಬ ದಾರಿ 1970ರ ದಶಕದ ಕೊನೆಯಲ್ಲಿ ಹೊಳೆಯಿತು. ಎರಡು ಚಿತ್ರಗಳನ್ನು ಬೆರೆಸುವ ಸೂತ್ರದಲ್ಲಿದ್ದ ಗ್ರೀಕ್ ಅಕ್ಷರವೇ ಆ ನಾಲ್ಕನೆಯ ಸಂಖ್ಯೆಗೆ ಹೆಸರಾಯಿತು. 1984ರಲ್ಲಿ ಲೂಕಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಬೆರೆಸುವಿಕೆಯ ಗಣಿತವನ್ನು ಅಚ್ಚುಕಟ್ಟಾಗಿ ಕಟ್ಟಿಕೊಟ್ಟರು. ಈ ನಾಲ್ವರಿಗೂ 1996ರಲ್ಲಿ ಅಮೆರಿಕದ ಚಲನಚಿತ್ರ ಅಕಾಡೆಮಿ ತಾಂತ್ರಿಕ ಪ್ರಶಸ್ತಿ ಕೊಟ್ಟಿತು.

ಸೂತ್ರ ಸರಳವಾದದ್ದು. ಕಬ್ಬಿನ ಗರಿಯ ಅಂಚಿನಲ್ಲಿ ಒಂದು ಪಿಕ್ಸೆಲ್ ಇದೆ. ಗರಿ ಅದರ ಹತ್ತರಲ್ಲಿ ನಾಲ್ಕು ಪಾಲನ್ನಷ್ಟೇ ಮುಚ್ಚಿದೆ. ಅಂದರೆ, 255 ಅನ್ನು 1 ಎಂದು ಹಿಡಿದರೆ, ಆಲ್ಫಾ 0.4. ಗರಿಯ ಬಣ್ಣ ಕೆಂಪು 90, ಹಸಿರು 140, ನೀಲಿ 50. ಹಿಂದಿನ ಆಕಾಶದ ಬಣ್ಣ 150, 190, 230. ಗರಿಯ ಬಣ್ಣದ 0.4 ಪಾಲಿಗೆ ಆಕಾಶದ 0.6 ಪಾಲು ಕೂಡಿಸಿದರೆ ಪರದೆಗೆ ಬರುವುದು 126, 170, 158. ಪೂರ್ತಿ ಹಸಿರೂ ಅಲ್ಲದ, ಪೂರ್ತಿ ನೀಲಿಯೂ ಅಲ್ಲದ ಈ ಒಂದು ಪಿಕ್ಸೆಲ್‌ನಿಂದಲೇ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣದೆ ನಯವಾಗಿ ಕಾಣುತ್ತದೆ. ಇಲ್ಲಿ ಆಲ್ಫಾ ಹೇಳುತ್ತಿರುವುದು ಗರಿ ಗಾಜಿನಂತೆ ತೆಳುವಾಗಿದೆ ಎಂದಲ್ಲ, ಆ ಚೌಕದಲ್ಲಿ ಎಷ್ಟು ಪಾಲು ಗರಿ ಇದೆ ಎಂದು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನ ಗೊಂದಲಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದೇ ಇಲ್ಲ.

ಆಲ್ಫಾವನ್ನು ಬಳಸುವ ದಾರಿ ಎರಡು. ಮೊದಲನೆಯದು ಕತ್ತರಿಸುವುದು. ಒಂದು ಗಡಿ ಇಟ್ಟುಕೊಳ್ಳಬೇಕು, ಸಾಮಾನ್ಯವಾಗಿ 0.5, ಆಲ್ಫಾ ಅದಕ್ಕಿಂತ ಕಡಿಮೆ ಇದ್ದ ಪಿಕ್ಸೆಲ್ಲನ್ನು ಎಸೆದುಬಿಡಬೇಕು, ಉಳಿದದ್ದನ್ನು ಗಟ್ಟಿ ವಸ್ತುವಿನಂತೆಯೇ ಬಿಡಿಸಬೇಕು. ಎರಡನೆಯದು ಮೇಲಿನ ಸೂತ್ರದಂತೆ ಬೆರೆಸುವುದು. ಬೆರೆಸಿದ್ದು ಕಣ್ಣಿಗೆ ನಯ, ಕತ್ತರಿಸಿದ್ದು ಒರಟು. ಹಾಗಾದರೆ ಎಲ್ಲವನ್ನೂ ಬೆರೆಸಿಬಿಡಬಾರದೇಕೆ ಎಂದು ಹೊಸಬರಿಗೆ ಅನಿಸುವುದು ಸಹಜ. ತೊಂದರೆ ಇರುವುದು ಸರದಿಯಲ್ಲಿ.

ಗಟ್ಟಿ ವಸ್ತುಗಳನ್ನು ಬಿಡಿಸುವಾಗ ಕಂಪ್ಯೂಟರ್ ಪ್ರತಿ ಪಿಕ್ಸೆಲ್‌ಗೂ ಆಳದ ಸಂಖ್ಯೆಯೊಂದನ್ನು ಗುರುತು ಹಾಕಿಕೊಳ್ಳುತ್ತದೆ. ಹೊಸದಾಗಿ ಬಂದದ್ದು ಹತ್ತಿರದ್ದಾದರೆ ಹಳೆಯದನ್ನು ಅಳಿಸಿ ಬರೆಯುತ್ತದೆ, ದೂರದ್ದಾದರೆ ಬಿಟ್ಟುಬಿಡುತ್ತದೆ. ಡೆಪ್ತ್ ಬಫರ್ ಎನ್ನುವ ಈ ಏರ್ಪಾಡೂ ಕ್ಯಾಟ್ಮಲ್‌ನ ಅದೇ ಪ್ರಬಂಧದಲ್ಲಿದೆ. ಇದರಿಂದಾಗಿ ಯಾವುದನ್ನು ಮೊದಲು ಬಿಡಿಸಿದರೂ ಚಿತ್ರ ಒಂದೇ. ಬೆರೆಸುವ ವಸ್ತುವಿಗೆ ಈ ಅನುಕೂಲವಿಲ್ಲ. ಕಪ್ಪು ಹಿನ್ನೆಲೆಯ ಮುಂದೆ ಅರ್ಧ ಪಾರದರ್ಶಕವಾದ ಕೆಂಪು, ನೀಲಿ ಹಾಳೆಗಳಿವೆ ಎನ್ನಿ. ಕೆಂಪು ಮುಂದಿದ್ದರೆ ಕೆಂಪು ಅರ್ಧ, ನೀಲಿ ಕಾಲು ಪಾಲು. ನೀಲಿ ಮುಂದಿದ್ದರೆ ಲೆಕ್ಕ ತಿರುವುಮುರುವು. ಆದ್ದರಿಂದ ದೂರದ್ದನ್ನು ಮೊದಲು, ಹತ್ತಿರದ್ದನ್ನು ಆಮೇಲೆ ಬಿಡಿಸಲೇಬೇಕು. ನಾಲ್ಕು ಲಕ್ಷ ಗರಿಗಳನ್ನು, ಕ್ಯಾಮೆರಾ ಒಂದು ಹೆಜ್ಜೆ ಸರಿದಾಗಲೆಲ್ಲ, ಸೆಕೆಂಡಿಗೆ 60 ಸಲ ದೂರದ ಪ್ರಕಾರ ಜೋಡಿಸುವುದು ದುಬಾರಿ. ಅಡ್ಡಡ್ಡ ಹಾದ ಎರಡು ಕಾರ್ಡುಗಳಲ್ಲಂತೂ ಯಾವುದು ಮುಂದೆ, ಯಾವುದು ಹಿಂದೆ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ; ಅರ್ಧ ಇದು ಮುಂದೆ, ಅರ್ಧ ಅದು ಮುಂದೆ. ಸರದಿ ತಪ್ಪಿದರೆ ಹಿಂದಿನ ಗರಿ ಮುಂದಿನದರ ಮೇಲೆ ಮೂಡುತ್ತದೆ, ಇಲ್ಲವೆ ಗರಿಯ ಸುತ್ತ ಖಾಲಿ ಚೌಕವೊಂದು ಹಿಂದಿನದನ್ನು ನುಂಗಿ ಕೂರುತ್ತದೆ.

ಸರದಿಯ ಹಂಗಿಲ್ಲದೆ ಬೆರೆಸುವ ವಿಧಾನಗಳಿವೆ. 2001ರಲ್ಲಿ ಎನ್ವಿಡಿಯಾದ ಕ್ಯಾಸ್ ಎವರಿಟ್ ವಿವರಿಸಿದ ವಿಧಾನದಲ್ಲಿ ದೃಶ್ಯದ ಪದರಗಳನ್ನು ಒಂದೊಂದಾಗಿ ಸುಲಿಯುತ್ತಾ ಹೋಗುತ್ತಾರೆ. ಸರಿಯಾದ ಫಲ, ಆದರೆ ಪದರಕ್ಕೊಂದು ಸಲ ಇಡೀ ದೃಶ್ಯ ಬಿಡಿಸಬೇಕು. 2013ರಲ್ಲಿ ಮೋರ್ಗನ್ ಮೆಗ್ವೈರ್ ಮತ್ತು ಲೂಯಿ ಬವೊಯಿಲ್ ದೂರಕ್ಕೆ ತಕ್ಕ ತೂಕ ಕೊಟ್ಟು ಸರಾಸರಿ ತೆಗೆಯುವ ಅಂದಾಜಿನ ದಾರಿ ತೋರಿಸಿದರು. ಎರಡೂ ಹೊಗೆ, ಗಾಜುಗಳಿಗೆ ಆದಾವು, ಬೆಳೆಗೆ ಬೇಕಿಲ್ಲ.

ಬೆಳೆಗೆ ಕತ್ತರಿಸುವುದೇ ಲೇಸು. ಒರಟು ಅಂಚಿಗೆ ಮದ್ದು ಬೇರೆ ಇದೆ. ಒಂದು ಪಿಕ್ಸೆಲ್ಲಿಗೆ ನಾಲ್ಕು ಮಾದರಿ ಬಿಂದು ಇಟ್ಟು, ಆಲ್ಫಾ 0.5 ಇದ್ದರೆ ಎರಡು ಬಿಂದು ತುಂಬುವುದು, 0.75 ಇದ್ದರೆ ಮೂರು ತುಂಬುವುದು. ಹೀಗೆ ಖಾಲಿಯಿಂದ ಪೂರ್ತಿಯವರೆಗೆ ಐದು ಹಂತ ಸಿಗುತ್ತವೆ, ಸರದಿಯ ಚಿಂತೆಯೂ ಇಲ್ಲ. ಇದಕ್ಕೆ ಆಲ್ಫಾ ಟು ಕವರೇಜ್ ಎನ್ನುತ್ತಾರೆ. ಇಷ್ಟಾಗಿಯೂ ಕಬ್ಬಿನ ಎಲ್ಲ ಭಾಗಕ್ಕೂ ಒಂದೇ ಉಪಾಯ ಸಲ್ಲದು. ಹಸಿರು ಗರಿ ಉದ್ದ, ಕಿರಿದು. ಬಾಗಿದ ಗರಿಯನ್ನು ಅಗಲದ ಆಯತದಲ್ಲಿ ಇಟ್ಟರೆ ಮುಕ್ಕಾಲು ಪಾಲು ಜಾಗ ಖಾಲಿ. ಹತ್ತಿರದಿಂದ ಕಾಣುವ ಗರಿಯನ್ನು ಹತ್ತಾರು ತ್ರಿಕೋನದ ಬಾಗಿದ ಪಟ್ಟಿಯಾಗಿಯೇ ಮಾಡಿ, ಆಲ್ಫಾವನ್ನು ತುದಿಯ ಸೀಳಿಗಷ್ಟೇ ಇಟ್ಟುಕೊಳ್ಳುವುದು ಜಾಣತನ. ಗಣಿಕೆಗೆ ಅಂಟಿ ಜೋತುಬಿದ್ದ ಒಣ ರವದಿ ಹಾಗಲ್ಲ. ಹರಿದು ಚಿಂದಿಯಾದ ಅದರ ಅಂಚನ್ನು ತ್ರಿಕೋನದಲ್ಲಿ ಹಿಡಿಯುವುದಾಗದು, ಅಲ್ಲಿ ಕತ್ತರಿಸಿದ ಟೆಕ್ಸ್ಚರ್ ಬೇಕೇ ಬೇಕು. ತುದಿಯಲ್ಲಿ ಬೆಳ್ಳಗೆ ಎದ್ದ ಸೂಲಂಗಿಗೆ ಮಾತ್ರ ಬೆರೆಸುವುದು ಒಪ್ಪುತ್ತದೆ, ಏಕೆಂದರೆ ಅದರ ಎಳೆ ಪಿಕ್ಸೆಲ್ಲಿಗಿಂತ ತೆಳು. ದೂರದ ಹೊಲಕ್ಕೆ ಇಡೀ ಕಬ್ಬಿನ ಹಿಂಡನ್ನೇ ಒಂದು ಕಾರ್ಡಿನಲ್ಲಿ ಇಟ್ಟರೆ ಸಾಕು.

ಅಂಚಿನ ಇನ್ನೊಂದು ದೋಷ ಗ್ರಾಫಿಕ್ಸ್ ಗೊತ್ತಿಲ್ಲದವರೂ ನಿತ್ಯ ಕಾಣುವಂಥದ್ದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಎಂದಲ್ಲ, ಯಾವ ಊರಿನ ಬಸ್ ನಿಲ್ದಾಣದ ಎದುರಾದರೂ ಜಾತ್ರೆಯ, ಹುಟ್ಟುಹಬ್ಬದ ಬ್ಯಾನರ್ ಇರುತ್ತದೆ. ಅದರಲ್ಲಿನ ಮುಖಗಳ ಕೂದಲ ಸುತ್ತ ತೆಳ್ಳನೆಯ ಬಿಳಿ ಗೆರೆ. ಫ್ಲೆಕ್ಸ್ ಅಂಗಡಿಯಲ್ಲಿ ಫೋಟೊದ ಬ್ಯಾಕ್‌ಗ್ರೌಂಡ್ ತೆಗೆದು ಪಿಎನ್‌ಜಿ ಮಾಡುವಾಗ ಅಂಚಿನ ಪಿಕ್ಸೆಲ್‌ಗಳಲ್ಲಿ ಕೂದಲ ಬಣ್ಣದ ಜೊತೆ ಹಳೆಯ ಬಿಳಿ ಗೋಡೆಯ ಬಣ್ಣವೂ ಉಳಿದಿರುತ್ತದೆ. ಕೆಂಪು ಹಿನ್ನೆಲೆಗೆ ಕೂರಿಸಿದಾಗ ಆ ಬಿಳಿ ಎದ್ದು ಕಾಣುತ್ತದೆ. ಮೂರು ಆಯಾಮದ ದೃಶ್ಯದಲ್ಲೂ ಇದೇ ಆಗುವುದು. ಟೆಕ್ಸ್ಚರ್ ದೊಡ್ಡದಾಗಿ, ಚಿಕ್ಕದಾಗಿ ಕಾಣುವಾಗ ಕಂಪ್ಯೂಟರ್ ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆಯುತ್ತದೆ. ಗರಿಯ ಹೊರಗೆ ಆಲ್ಫಾ 0 ಇದ್ದರೂ ಅಲ್ಲಿ ಬಣ್ಣದ ಸಂಖ್ಯೆ ಏನೋ ಇದ್ದೇ ಇರುತ್ತದೆ. ಬಿಳಿಯೋ ಕಪ್ಪೋ ಇದ್ದರೆ ಅದು ಸರಾಸರಿಯೊಳಗೆ ನುಸುಳುತ್ತದೆ. ಕಾಣದ ಜಾಗದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ ಎಂಬುದು ಇಲ್ಲಿನ ವಿಚಿತ್ರ.

ಪರಿಹಾರ ಎರಡು ಬಗೆ. ಗರಿಯ ಹಸಿರನ್ನೇ ಅಂಚಿನಾಚೆಗೂ ಹತ್ತಿಪ್ಪತ್ತು ಪಿಕ್ಸೆಲ್ ಹರಡಿಬಿಡುವುದು ಒಂದು. ಬಣ್ಣವನ್ನು ಮೊದಲೇ ಆಲ್ಫಾದಿಂದ ಗುಣಿಸಿ ಇಡುವುದು ಇನ್ನೊಂದು. ಪೋರ್ಟರ್ ಮತ್ತು ಡಫ್ ಆರಿಸಿಕೊಂಡದ್ದು ಇದನ್ನೇ. ಮೇಲಿನ ಗರಿಯ ಪಿಕ್ಸೆಲ್ ಆಗ 36, 56, 20 ಎಂದು ಕೂರುತ್ತದೆ. ಬೆರೆಸುವಾಗ ಹಿನ್ನೆಲೆಯ 0.6 ಪಾಲನ್ನು ಸುಮ್ಮನೆ ಕೂಡಿಸಿದರಾಯಿತು. ಆಲ್ಫಾ 0 ಇದ್ದಲ್ಲಿ ಬಣ್ಣವೂ 0 ಆಗುವುದರಿಂದ ನುಸುಳಲು ಏನೂ ಉಳಿಯುವುದಿಲ್ಲ. ಫೈಲಿನಲ್ಲಿ ಒಂದು ಪದ್ಧತಿ, ತಂತ್ರಾಂಶದಲ್ಲಿ ಇನ್ನೊಂದು ಪದ್ಧತಿ ಆದರೆ ಮಾತ್ರ ಅಂಚು ಕಪ್ಪಾಗಿಯೋ ಬೆಳ್ಳಗಾಗಿಯೋ ಕಾಣುತ್ತದೆ. ಪಿಎನ್‌ಜಿ ಗುಣಿಸದ ಬಣ್ಣವನ್ನೇ ಇಡುತ್ತದೆ ಎಂಬುದು ನೆನಪಿರಬೇಕು.

ದೂರದ ಹೊಲ ಬೋಳಾಗುವುದು ಇನ್ನೊಂದು ಕಾಟ. ದೂರದ ವಸ್ತುವಿಗೆ ದೊಡ್ಡ ಟೆಕ್ಸ್ಚರ್ ಬೇಡವೆಂದು ಅದನ್ನು ಅರ್ಧ, ಕಾಲು, ಅರೆಕಾಲು ಎಂದು ಇಳಿಸಿದ ಪ್ರತಿಗಳನ್ನು ಜೊತೆಗಿಡುತ್ತಾರೆ. ಲ್ಯಾನ್ಸ್ ವಿಲಿಯಮ್ಸ್ 1983ರಲ್ಲಿ ತಂದ ಈ ಪದ್ಧತಿಗೆ ಮಿಪ್‌ಮ್ಯಾಪ್ ಎಂದು ಹೆಸರು. ಪ್ರತಿ ಇಳಿಕೆಯಲ್ಲೂ ಸರಾಸರಿಯೇ. ಕಾರ್ಡಿನ ಹತ್ತರಲ್ಲಿ ಮೂರು ಪಾಲು ಮಾತ್ರ ಗರಿ ಇದ್ದರೆ, ತೀರ ಚಿಕ್ಕ ಪ್ರತಿಯಲ್ಲಿ ಎಲ್ಲೆಡೆ ಆಲ್ಫಾ 0.3ರ ಆಸುಪಾಸಿಗೆ ಬರುತ್ತದೆ. ಗಡಿ 0.5 ಆದ್ದರಿಂದ ಎಲ್ಲ ಪಿಕ್ಸೆಲ್ಲೂ ಕಸಕ್ಕೆ. ಹತ್ತಿರ ಹೋದರೆ ಕಬ್ಬು, ದೂರ ಸರಿದರೆ ಬರೀ ನೆಲ. ಇದಕ್ಕೆ ಸರಳ ಮದ್ದನ್ನು ಇಗ್ನಾಸಿಯೊ ಕಾಸ್ತಾನ್ಯೊ ‘ದಿ ವಿಟ್ನೆಸ್’ ಆಟಕ್ಕೆ ಕೆಲಸ ಮಾಡುವಾಗ 2010ರಲ್ಲಿ ವಿವರಿಸಿದರು: ಮೂಲ ಚಿತ್ರದಲ್ಲಿ ಗಡಿ ದಾಟುವ ಪಿಕ್ಸೆಲ್ ಶೇಕಡಾ ಎಷ್ಟಿದೆಯೋ ಪ್ರತಿ ಚಿಕ್ಕ ಪ್ರತಿಯಲ್ಲೂ ಅಷ್ಟೇ ಇರುವಂತೆ ಆ ಪ್ರತಿಯ ಆಲ್ಫಾವನ್ನು ಒಂದು ಅಂಶದಿಂದ ಹೆಚ್ಚಿಸುವುದು. ಟೆಕ್ಸ್ಚರ್ ತಯಾರಿಸುವಾಗ ಒಮ್ಮೆ ಮಾಡಿದರೆ ಮುಗಿಯಿತು, ಆಟ ಓಡುವಾಗ ಖರ್ಚಿಲ್ಲ.

ಇನ್ನು ಖರ್ಚಿನ ಮಾತು. ತ್ರಿಕೋನ ಉಳಿಸಿದ್ದು ಲಾಭವೆಂದು ಹಿಗ್ಗುವಂತಿಲ್ಲ, ಖಾಲಿ ಪಿಕ್ಸೆಲ್ಲಿಗೂ ಕೆಲಸ ಉಂಟು. 1920ಕ್ಕೆ 1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇವೆ. ಹೊಲದ ನಡುವೆ ನಿಂತ ಕ್ಯಾಮೆರಾದ ಮುಂದೆ ಸರಾಸರಿ 30 ಕಾರ್ಡು ಒಂದರ ಹಿಂದೊಂದು ಬಂದರೆ ಪ್ರತಿ ಚಿತ್ರಕ್ಕೆ 6.2 ಕೋಟಿ ಸಲ ಟೆಕ್ಸ್ಚರ್ ಓದಬೇಕು; ಸೆಕೆಂಡಿಗೆ 60 ಚಿತ್ರವೆಂದರೆ 373 ಕೋಟಿ. ಓದಿ ನೋಡಿದ ಮೇಲೆ ಮುಕ್ಕಾಲು ಪಾಲು ಎಸೆಯುವಂಥದ್ದೇ. ಮೊಬೈಲ್ ಬಿಸಿಯಾಗುವುದು ಇಂಥಲ್ಲಿ. ಅದಕ್ಕಾಗಿ ಕಾರ್ಡನ್ನು ಆಯತವಾಗಿ ಬಿಡದೆ, ಗರಿಯ ಆಕಾರಕ್ಕೆ ಹತ್ತಿರವಾಗುವಂತೆ ಆರೆಂಟು ಮೂಲೆಯ ಬಹುಭುಜವಾಗಿ ಕತ್ತರಿಸುತ್ತಾರೆ. ತ್ರಿಕೋನ ನಾಲ್ಕು ಹೆಚ್ಚಾದರೂ ಪರವಾಗಿಲ್ಲ, ಖಾಲಿ ಜಾಗ ಕಡಿಮೆಯಾಗುವುದೇ ಮುಖ್ಯ.

ಬೆಳಕಿನ ಕಿರಣಗಳನ್ನೇ ಹಿಂಬಾಲಿಸಿ ಚಿತ್ರ ಬಿಡಿಸುವ ತಂತ್ರಾಂಶಗಳಲ್ಲಿ ಸರದಿಯ ಗೋಳಿಲ್ಲ. ಕಿರಣ ತನ್ನ ದಾರಿಯಲ್ಲಿ ಮೊದಲು ಸಿಕ್ಕದ್ದನ್ನು ಮೊದಲು ನೋಡುತ್ತದೆ. ಅಲ್ಲಿ ಬೇರೊಂದು ಬಲೆ ಕಾದಿರುತ್ತದೆ. ಉಚಿತವಾಗಿ ಸಿಗುವ ಬ್ಲೆಂಡರ್ ತಂತ್ರಾಂಶದಲ್ಲಿ ಹೀಗೆ ಚಿತ್ರ ಬಿಡಿಸುವ ಸೈಕಲ್ಸ್ ಎಂಬ ಭಾಗದಲ್ಲಿ ಕಿರಣವೊಂದು ಎಷ್ಟು ಪಾರದರ್ಶಕ ಮೈಗಳನ್ನು ದಾಟಬಹುದು ಎಂಬುದಕ್ಕೆ ಮಿತಿ ಇದೆ; ತಂತ್ರಾಂಶ ಬರುವಾಗಲೇ ಅದು 8 ಎಂದು ಇರುತ್ತದೆ. ದಟ್ಟ ಕಬ್ಬಿನಲ್ಲಿ ಕಿರಣ ಎಂಟು ಕಾರ್ಡುಗಳ ಖಾಲಿ ಜಾಗ ದಾಟಿ ಒಂಬತ್ತನೆಯದಕ್ಕೆ ಬಂದಾಗ ಕೈಚೆಲ್ಲುತ್ತದೆ, ಅಲ್ಲಿ ಕಪ್ಪು ಮೂಡುತ್ತದೆ. ಹೊಲದ ಒಡಲಲ್ಲಿ ಕರಿಕರಿ ಮಚ್ಚೆ ಕಂಡು ಟೆಕ್ಸ್ಚರ್ ಕೆಟ್ಟಿದೆಯೆಂದು ಇಡೀ ದಿನ ಹುಡುಕುವವರಿದ್ದಾರೆ. ಲೈಟ್ ಪಾತ್ಸ್ ವಿಭಾಗದಲ್ಲಿ ಆ ಸಂಖ್ಯೆಯನ್ನು 32ಕ್ಕೋ 64ಕ್ಕೋ ಏರಿಸಿದರೆ ಮಚ್ಚೆ ಮಾಯ. ಆಟಗಳಲ್ಲಿ ನೆರಳಿಗಾಗಿ ದೃಶ್ಯವನ್ನು ಪ್ರತ್ಯೇಕವಾಗಿ ಬಿಡಿಸುತ್ತಾರಲ್ಲ, ಅಲ್ಲಿಯೂ ಆಲ್ಫಾ ನೋಡುವಂತೆ ಹೇಳದಿದ್ದರೆ ಗರಿಗೆ ಗರಿಯ ನೆರಳಿನ ಬದಲು ಚೌಕದ ನೆರಳು ಬೀಳುತ್ತದೆ.

ಬೆಲ್ಲದ ಗಾಣದ ಹೊಗೆ, ಕೊಪ್ಪರಿಗೆಯಿಂದೇಳುವ ಉಗಿ, ಕಟಾವಿನ ಮೇಲೆ ರವದಿಗೆ ಬೆಂಕಿ ಇಟ್ಟಾಗಿನ ದಟ್ಟ ಹೊಗೆ ಇವೆಲ್ಲ ಬೆರೆಸುವುದರ ನಿಜವಾದ ಕ್ಷೇತ್ರ. ಮೆತ್ತನೆಯ ಅಂಚಿನ ಹತ್ತಾರು ಕಾರ್ಡುಗಳು ಸದಾ ಕ್ಯಾಮೆರಾದ ಕಡೆಗೇ ಮುಖ ಮಾಡಿ, ಮೇಲೇರುತ್ತಾ, ದೊಡ್ಡದಾಗುತ್ತಾ, ಆಲ್ಫಾ ಇಳಿಯುತ್ತಾ ಹೋಗುತ್ತವೆ. ಕಾರ್ಡು ನೆಲಕ್ಕೆ ತಾಗುವಲ್ಲಿ ಕತ್ತಿಯಿಂದ ಕೊಯ್ದಂತೆ ಗೆರೆ ಕಾಣದಿರಲು, ಹಿಂದಿನ ಮೈ ಹತ್ತಿರವಾದಷ್ಟೂ ಆಲ್ಫಾ ಕಡಿಮೆ ಮಾಡುತ್ತಾರೆ. ಜೆಫ್ರಿ ಗಾರ್ಡ್‌ನರ್ 1985ರಲ್ಲಿ ಮೋಡಗಳನ್ನು ಮಾಡಿದ್ದೂ ಸರಳ ದುಂಡು ಆಕಾರಗಳ ಮೇಲೆ ಪಾರದರ್ಶಕತೆಯ ಟೆಕ್ಸ್ಚರ್ ಹೊದಿಸಿಯೇ.

ನಿಜದ ಫೋಟೊ ಮತ್ತು ಕಂಪ್ಯೂಟರಿನ ಪಾತ್ರ ಒಂದೇ ಚೌಕಟ್ಟಿನಲ್ಲಿ ಸೇರುವುದೂ ಆಲ್ಫಾದ ಬಲದಿಂದಲೇ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ರೂಪಿಸಿದ ‘ಪ್ಲೇಸ್-ಹಂಪಿ’ ಎಂಬ ಕಲಾಕೃತಿಯಲ್ಲಿ ಹಂಪಿಯ ಸ್ಟೀರಿಯೊ ಪನೋರಮಾ ಚಿತ್ರಗಳೊಳಗೆ ಪುರಾಣದ ಪಾತ್ರಗಳು ಅನಿಮೇಷನ್ನಿನಲ್ಲಿ ಓಡಾಡುತ್ತವೆ, ಬಳ್ಳಾರಿ ಸೀಮೆಯ ತೋರಣಗಲ್ಲಿನ ಬಳಿ ಕಲಾಧಾಮದಲ್ಲಿ ಅದನ್ನು ಕಾಯಂ ಆಗಿ ಸ್ಥಾಪಿಸಿದ್ದಾರೆ. ಇಂಥ ಕೆಲಸದಲ್ಲಿ ಪಾತ್ರದ ಅಂಚು ಸರಿ ಇದ್ದರೆ ಸಾಲದು. ಪಾತ್ರ ಕಂಬದ ಹಿಂದೆ ಸರಿಯಬೇಕಾದರೆ ಫೋಟೊದ ಕಂಬಕ್ಕೂ ಕೈಯಿಂದ ಆಲ್ಫಾ ಬಿಡಿಸಬೇಕು.

ನೀರು, ಗಾಜುಗಳ ವಿಷಯದಲ್ಲಿ ಆಲ್ಫಾ ಸೋಲುತ್ತದೆ. ಕೃಷ್ಣೆಯ ನೀರನ್ನು ಅರ್ಧ ಆಲ್ಫಾದ ನೀಲಿ ಹಾಳೆ ಮಾಡಿ ಇಟ್ಟರೆ ಪ್ಲಾಸ್ಟಿಕ್ ಹೊದಿಸಿದಂತೆಯೇ ಕಾಣುವುದು. ನೀರಿನಲ್ಲಿ ಬೆಳಕು ಬಾಗುತ್ತದೆ. ಓರೆಯಾಗಿ ನೋಡಿದಷ್ಟೂ ಪ್ರತಿಬಿಂಬ ಹೆಚ್ಚುತ್ತದೆ. ಆಳ ಹೆಚ್ಚಿದಷ್ಟೂ ಬಣ್ಣ ಗಾಢವಾಗುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಿ ಮಣ್ಣಿನ ಕಣಗಳೇ ಬೆಳಕನ್ನು ಚದುರಿಸುತ್ತವೆ. ಇವು ಯಾವುವೂ ಒಂದು ಸಂಖ್ಯೆಯಲ್ಲಿ ಹಿಡಿಯುವಂಥವಲ್ಲ. ಬಿಸಿಲಿಗೆ ಎದುರಾಗಿ ಹಿಡಿದ ಗರಿ ಹಳದಿಹಸಿರಾಗಿ ಹೊಳೆಯುವುದೂ ಆಲ್ಫಾ ಅಲ್ಲ: ಬೆಳಕು ಗರಿಯೊಳಗೆ ಹಾದು ಬಂದಿರುತ್ತದೆ, ಆದರೆ ಹಿಂದಿನ ಮರ ಕಾಣುವುದಿಲ್ಲ. ಅದಕ್ಕೆ ಬೇರೆಯೇ ಟೆಕ್ಸ್ಚರ್ ಕೊಡುತ್ತಾರೆ.

ಗರಿಯ ಟೆಕ್ಸ್ಚರ್ ತಯಾರಿಸಲು ದೊಡ್ಡ ಸಲಕರಣೆ ಬೇಡ. ಗರಿಯನ್ನು ತುಂಡು ಮಾಡಿ, ಒರೆಸಿ, ಝೆರಾಕ್ಸ್ ಅಂಗಡಿಯ ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ ಇಟ್ಟು ಮೇಲೆ ನೀಲಿ ಹಾಳೆ ಮುಚ್ಚಿದರೆ ನೆರಳಿಲ್ಲದ ಚಿತ್ರ ಸಿಗುತ್ತದೆ. ನೀಲಿ ಏಕೆಂದರೆ ಗರಿಯಲ್ಲಿ ಆ ಬಣ್ಣ ಕಡಿಮೆ, ಬೇರ್ಪಡಿಸುವುದು ಸುಲಭ. ನಡುನರ ಬಿಳಿ ಇರುವುದರಿಂದ ಬಿಳಿ ಹಾಳೆ ಕೆಲಸ ಕೆಡಿಸುತ್ತದೆ. ಗಿಂಪ್ ತಂತ್ರಾಂಶದಲ್ಲಿ ನೀಲಿಯನ್ನು ಆಲ್ಫಾ ಆಗಿ ಬದಲಿಸಿ, ಹಸಿರನ್ನು ಅಂಚಿನಾಚೆ ಹರಡಿ, ತುಂಡುಗಳನ್ನು ಜೋಡಿಸಿ ಪಿಎನ್‌ಜಿಯಾಗಿ ಉಳಿಸಬೇಕು. ಬ್ಲೆಂಡರ್‌ನಲ್ಲಿ ಆ ಚಿತ್ರದ ಬಣ್ಣದ ತಂತಿಯನ್ನು ಬೇಸ್ ಕಲರ್‌ಗೂ ಆಲ್ಫಾದ ತಂತಿಯನ್ನು ಆಲ್ಫಾಗೂ ಸೇರಿಸಿದರೆ ಆಯತ ಮಾಯವಾಗಿ ಗರಿ ಉಳಿಯುತ್ತದೆ.

ಫೈಲಿನ ಆಯ್ಕೆಯಲ್ಲೂ ಎಚ್ಚರ ಬೇಕು. ಜೆಪಿಇಜಿಗೆ ಆಲ್ಫಾ ಗೊತ್ತೇ ಇಲ್ಲ. ಜಿಫ್‌ನ 1989ರ ಆವೃತ್ತಿ ಒಂದೇ ಬಣ್ಣವನ್ನು ಪೂರ್ತಿ ಪಾರದರ್ಶಕ ಮಾಡಬಲ್ಲದು, ನಡುವಿನ ಹಂತವಿಲ್ಲ. 1996ರಲ್ಲಿ ಬಂದ ಪಿಎನ್‌ಜಿ ಎಲ್ಲ ಹಂತಗಳನ್ನೂ ಇಡುತ್ತದೆ. ಆದರೆ ಗ್ರಾಫಿಕ್ಸ್ ಚಿಪ್ ಪಿಎನ್‌ಜಿಯನ್ನು ನೇರವಾಗಿ ಬಳಸುವುದಿಲ್ಲ; ಬಿಚ್ಚಿದಾಗ 1024ಕ್ಕೆ 1024ರ ಟೆಕ್ಸ್ಚರ್ 4 ಎಂಬಿ ಹಿಡಿಯುತ್ತದೆ. ಆದ್ದರಿಂದ ಚಿಪ್ಪಿಗೆ ಅರ್ಥವಾಗುವ ಸಂಕುಚಿತ ರೂಪಕ್ಕೆ ತರುತ್ತಾರೆ. ಡಿಎಕ್ಸ್‌ಟಿ1 ರೂಪದಲ್ಲಿ ಅದು ಅರ್ಧ ಎಂಬಿ, ಆದರೆ ಆಲ್ಫಾಗೆ ಒಂದೇ ಬಿಟ್. ಕತ್ತರಿಸಿದ ಗರಿಗೆ ಅಷ್ಟು ಸಾಕು. ನಯವಾದ ಸೂಲಂಗಿಗೆ 1 ಎಂಬಿಯ ಡಿಎಕ್ಸ್‌ಟಿ5 ಬೇಕು. ಹಳೆಯ ಆಂಡ್ರಾಯ್ಡ್ ಫೋನುಗಳ ಇಟಿಸಿ1ರಲ್ಲಿ ಆಲ್ಫಾ ಇರಲೇ ಇಲ್ಲ, ಆಟ ಮಾಡುವವರು ಆಲ್ಫಾಗೆಂದೇ ಎರಡನೆಯ ಚಿತ್ರ ಹೊತ್ತು ತರುತ್ತಿದ್ದರು. ಇಟಿಸಿ2 ಮತ್ತು ಎಎಸ್‌ಟಿಸಿ ಬಂದ ಮೇಲೆ ಆ ಪಾಡು ತಪ್ಪಿತು.

ವೆಬ್‌ನಲ್ಲಿ ಮೂರು ಆಯಾಮದ ವಸ್ತು ತೋರಿಸಲು ಬಳಕೆಯಲ್ಲಿರುವ ಜಿಎಲ್‌ಟಿಎಫ್ ರೂಪದಲ್ಲಿ ಈ ಆಯ್ಕೆಯನ್ನು ಒಂದು ಪದದಲ್ಲಿ ಬರೆಯುತ್ತಾರೆ: ಒಪೇಕ್, ಮಾಸ್ಕ್ ಅಥವಾ ಬ್ಲೆಂಡ್. ಮಾಸ್ಕ್ ಎಂದರೆ ಕತ್ತರಿಸುವುದು. ಗಡಿ ಬೇರೆ ಹೇಳದಿದ್ದರೆ 0.5. 2019ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳ ತಲಾ ನಾಲ್ಕು ಜಿಲ್ಲೆಗಳಿಗೆ ಸೇರಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯನ್ನು, ಅಥಣಿಯಲ್ಲಿ ಹೆಣೆದ ಜೋಡೊಂದನ್ನು, ಗಿರಾಕಿ ಫೋನಿನಲ್ಲಿ ತಿರುಗಿಸಿ ನೋಡುವಂತೆ ಮಾಡಬೇಕೆನ್ನಿ. ಅಟ್ಟೆ, ಹಿಮ್ಮಡಿಗಳು ಒಪೇಕ್; ಪಟ್ಟಿಯ ಹೆಣಿಗೆಯ ನಡುವಿನ ಕಿಂಡಿಗಳು ಮತ್ತು ಗೊಂಡೆಯ ತುದಿ ಮಾಸ್ಕ್. ಇಡೀ ಚಪ್ಪಲಿಯನ್ನು ಒಂದೇ ಬ್ಲೆಂಡ್ ವಸ್ತುವಾಗಿ ಕಳಿಸಿದರೆ, ತಿರುಗಿಸಿದಾಗ ಅಟ್ಟೆ ಪಟ್ಟಿಯನ್ನು ತೂರಿ ಮೇಲೆ ಕಾಣಲೂಬಹುದು. ಅದಕ್ಕೇ ವಸ್ತುವನ್ನು ಭಾಗ ಮಾಡಿ, ಭಾಗಕ್ಕೊಂದು ಪದ ಕೊಟ್ಟು ಕಳಿಸುತ್ತಾರೆ.